ಮುಕ್ಕಾಲು ಗಂಟೆಯ ಆಪರೇಷನ್‌ಗೆ ಎರಡೂವರೆ ಗಂಟೆ ಏಕೆ?

ಆಪರೇಷನ್ ಕೋಣೆಯಿಂದ ಹೊರಗೆ ಬಂದ ಕೂಡಲೇ ಎದುರಾಗುವ ಪ್ರಶ್ನೆ ಇದು. "ಡಾಕ್ಟರೇ, ನಮ್ಮ ಭಾವನವರಿಗೆ ಇದೇ ಪಿತ್ತಕೋಶದ ಕಲ್ಲಿನ ಆಪರೇಷನ್ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಇವಳಿಗೆ ಎರಡೂವರೆ ಗಂಟೆ ಹಿಡಿಯಿತಲ್ಲ, ಏನಾದರೂ ಹೆಚ್ಚುಕಡಿಮೆ ಆಯಿತೇ?"

ಹೆಚ್ಚುಕಡಿಮೆ ಆಗಬಾರದು ಎಂದೇ ತಡವಾಯಿತು. ಅಲ್ಲಿ ನಿಂತು ಇಷ್ಟೇ ಹೇಳಲು ಸಾಧ್ಯವಾಗುತ್ತದೆ. ಬೆಂಚಿನ ಮೇಲೆ ಅಷ್ಟು ಹೊತ್ತು ಹೆದರಿ ಕುಳಿತವರಿಗೆ ಆ ಒಂದು ಮಾತು ಸಾಲದು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪಿತ್ತಕೋಶ ಎಂದರೆ ಲಿವರ್‌ನ ಅಡಿಗೆ ಅಂಟಿಕೊಂಡಿರುವ, ಸಣ್ಣ ಬದನೆಕಾಯಿಯಂಥ ಚೀಲ. ಬದನೆಕಾಯಿಯ ತೊಟ್ಟಿನ ಹಾಗೆ ಅದಕ್ಕೊಂದು ಸಣ್ಣ ನಾಳವಿದೆ. ಅದನ್ನು ಸಿಸ್ಟಿಕ್ ನಾಳ ಎನ್ನುತ್ತೇವೆ. ಪಕ್ಕದಲ್ಲೇ ರಕ್ತ ತರುವ ಸಿಸ್ಟಿಕ್ ಅಪಧಮನಿ. ಇವೆರಡಕ್ಕೂ ಕ್ಲಿಪ್ ಹಾಕಿ, ಕತ್ತರಿಸಿ, ಚೀಲವನ್ನು ಲಿವರ್‌ನಿಂದ ಬಿಡಿಸಿ ಹೊರತೆಗೆದರೆ ಕೆಲಸ ಮುಗಿಯಿತು. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಹೊಟ್ಟೆ ತೆರೆದು ಮೊದಲ ಬಾರಿಗೆ ಮಾಡಿದ್ದೂ ಇದನ್ನೇ, 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ ಲ್ಯಾಪರೋಸ್ಕೋಪಿಯಿಂದ, ಎಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣ ಇಳಿಸಿ, ಮಾಡಿದ್ದೂ ಇದನ್ನೇ. ಕಷ್ಟ ಇರುವುದು ಕತ್ತರಿಸುವುದರಲ್ಲಲ್ಲ, ಗುರುತಿಸುವುದರಲ್ಲಿ. ಆ ತೊಟ್ಟು ಹೋಗಿ ಸೇರುವ ಮುಖ್ಯ ಪಿತ್ತನಾಳವು ಲಿವರ್‌ನ ಪಿತ್ತವನ್ನೆಲ್ಲ ಕರುಳಿಗೆ ಒಯ್ಯುವ ಒಂದೇ ಒಂದು ದಾರಿ. ತೊಟ್ಟೆಂದು ತಿಳಿದು ಅದನ್ನು ಕತ್ತರಿಸಿದರೆ ಕಾಮಾಲೆ, ಸೋಂಕು, ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆ, ವರ್ಷಗಟ್ಟಲೆ ಆಸ್ಪತ್ರೆಯ ಅಲೆದಾಟ. ಇಂಥ ಗಾಯ ಸಾವಿರದಲ್ಲಿ ಸುಮಾರು ಮೂರರಿಂದ ಐದು ಮಂದಿಗೆ ಆಗುತ್ತದೆ. ಸಂಖ್ಯೆ ಚಿಕ್ಕದು ಎಂದು ನನಗೆ ಎಂದೂ ಅನಿಸಿಲ್ಲ.

ಪುಸ್ತಕದ ಚಿತ್ರದಲ್ಲಿ ಎಲ್ಲವೂ ಅದರದರ ಜಾಗದಲ್ಲಿದೆ. ದೇಹದಲ್ಲಿ ಯಾವಾಗಲೂ ಹಾಗಿರುವುದಿಲ್ಲ. ಗರ್ಭದ ನಾಲ್ಕನೆಯ ವಾರದಲ್ಲಿ ಭ್ರೂಣದ ಕರುಳಿನ ಮುಂಭಾಗವಾದ ಮುಂಗರುಳಿನಿಂದ ಒಂದು ಮೊಳಕೆ ಒಡೆದು, ಅದೇ ಕವಲಾಗಿ ಲಿವರ್ ಮತ್ತು ಪಿತ್ತಕೋಶಗಳಾಗುತ್ತವೆ. ಒಂದೇ ಜಾತಿಯ ಎರಡು ಮಾವಿನ ಮರಗಳ ಕೊಂಬೆಗಳು ಒಂದೇ ಥರ ಇರುತ್ತವೆಯೇ? ಕೆಲವರಲ್ಲಿ ಸಿಸ್ಟಿಕ್ ನಾಳ ಮುಖ್ಯ ನಾಳದ ಮೈಗೆ ಅಂಟಿಕೊಂಡೇ ಬಹಳ ದೂರ ಕೆಳಗಿಳಿದು ಸೇರುತ್ತದೆ. ಕೆಲವರಲ್ಲಿ ಅದರ ಹಿಂದಿನಿಂದ ಸುತ್ತಿ ಎಡಮಗ್ಗುಲಿಗೆ ಹೋಗುತ್ತದೆ. ಕೆಲವರಲ್ಲಿ ನಾಳವೇ ಇಲ್ಲವೆನ್ನುವಷ್ಟು ಗಿಡ್ಡ. ಲಿವರ್‌ನ ಬಲಭಾಗದಿಂದ ಬರುವ ನಾಳವೊಂದು ದಾರಿ ತಪ್ಪಿ ಸಿಸ್ಟಿಕ್ ನಾಳಕ್ಕೇ ಬಂದು ಸೇರಿರುವುದೂ ಉಂಟು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು ಇದೇ. ನೋಡಲು ತೀರ ಸಾಮಾನ್ಯವಾಗಿ ಕಾಣುತ್ತದೆ.

ಕೆಲವು ವರ್ಷಗಳ ಹಿಂದಿನ ಒಂದು ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ಪರದೆಯ ತುಂಬ ಹಳದಿ ಕೊಬ್ಬು. ಮೇರಿಲ್ಯಾಂಡ್ ಎಂಬ ಇಕ್ಕಳದಂಥ ಉಪಕರಣದ ಬಾಗಿದ ತುದಿಯಿಂದ ಅದನ್ನು ಎಳೆ ಎಳೆಯಾಗಿ ಸರಿಸುತ್ತಿದ್ದೆ. ಸಿಸ್ಟಿಕ್ ಅಪಧಮನಿ ಇರಬೇಕಾದಲ್ಲಿ ಒಂದು ರಕ್ತನಾಳ ಕಂಡಿತು. ಜಾಗ ಸರಿಯಾಗಿತ್ತು, ದಪ್ಪ ಸರಿಯಾಗಿರಲಿಲ್ಲ. ಆ ಅಪಧಮನಿ ಶಾವಿಗೆಯ ಎಳೆಯಷ್ಟಿರುತ್ತದೆ. ಇದು ಅದರ ಎರಡರಷ್ಟಿತ್ತು, ಮಿಡಿತವೂ ಜೋರಾಗಿತ್ತು. ಜೊತೆಗಿದ್ದ ಕಿರಿಯ ವೈದ್ಯೆ ಆಗಲೇ ಕ್ಲಿಪ್ ಹಾಕುವ ಸಾಧನವನ್ನು ನನ್ನತ್ತ ಚಾಚಿದ್ದರು. "ಸ್ವಲ್ಪ ತಡೆಯಿರಿ" ಎಂದೆ. ಇನ್ನೂ ಇಪ್ಪತ್ತು ನಿಮಿಷ ಬಿಡಿಸಿದ ಮೇಲೆ ನಿಜ ಗೊತ್ತಾಯಿತು. ಆ ರಕ್ತನಾಳ ಪಿತ್ತಕೋಶದವರೆಗೆ ಬಂದು, ಕಂಬಳಿಹುಳು ಬೆನ್ನೆತ್ತಿದ ಹಾಗೆ ಬಾಗಿ, ತಿರುಗಿ ಲಿವರ್‌ನೊಳಕ್ಕೆ ಹೋಗುತ್ತಿತ್ತು. ಅದು ಲಿವರ್‌ನ ಬಲಭಾಗಕ್ಕೆ ರಕ್ತ ಕೊಡುವ ಅಪಧಮನಿ! ಶಸ್ತ್ರಚಿಕಿತ್ಸೆಯ ಪುಸ್ತಕಗಳಲ್ಲೂ ಇದಕ್ಕೆ ಕಂಬಳಿಹುಳುವಿನ ಹೆಸರೇ ಇದೆ, ಲೀಡ್ಸ್ ನಗರದ ಸರ್ಜನ್ ಮೊಯ್ನಿಹಾನ್ ಅವರ ಹೆಸರಿನಿಂದಲೂ ಕರೆಯುತ್ತಾರೆ. ನಾವು ಹುಡುಕುತ್ತಿದ್ದ ಸಣ್ಣ ಅಪಧಮನಿ ಆ ಬಾಗಿನ ನೆತ್ತಿಯಿಂದ ಹೊರಟಿತ್ತು, ಅರ್ಧ ಸೆಂಟಿಮೀಟರ್ ಉದ್ದವೂ ಇರಲಿಲ್ಲ. ತುಸು ಜೋರಾಗಿ ಎಳೆದಿದ್ದರೆ ಬುಡದಲ್ಲೇ ಕಿತ್ತು ಬರುತ್ತಿತ್ತು.

ಕಣ್ಣು ಮೋಸಹೋಗುವುದು ಅನುಭವಿಗಳಿಗೂ ತಪ್ಪಿದ್ದಲ್ಲ. ಅಮೆರಿಕದ ಸರ್ಜನ್ ಲಾರೆನ್ಸ್ ವೇ ಮತ್ತು ಸಂಗಡಿಗರು 2003ರಲ್ಲಿ 252 ಪಿತ್ತನಾಳದ ಗಾಯಗಳನ್ನು ಪರಿಶೀಲಿಸಿ ಬರೆದರು. ಅವುಗಳಲ್ಲಿ ಶೇಕಡ 97ರಷ್ಟಕ್ಕೆ ಮೂಲ ಕಾರಣ ಕೈಚಳಕದ ಕೊರತೆಯಲ್ಲ, ದೃಷ್ಟಿಭ್ರಮೆ. ಪಿತ್ತಕೋಶವನ್ನು ಮೇಲಕ್ಕಷ್ಟೇ ಎಳೆದು ಹಿಡಿದರೆ ಮುಖ್ಯ ನಾಳವೂ ಅದರ ನೇರಕ್ಕೆ ಬಂದು ನಿಂತು ತೊಟ್ಟಿನಂತೆ ಕಾಣುತ್ತದೆ. ಒಮ್ಮೆ ಮನಸ್ಸು "ಇದೇ ಸಿಸ್ಟಿಕ್ ನಾಳ" ಎಂದು ಒಪ್ಪಿಕೊಂಡರೆ ಆಮೇಲೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ ಹೇಳುತ್ತದೆ.

ಹಾಗಾಗಿ ಕಣ್ಣಿಗೂ ಒಂದು ಕಟ್ಟಳೆ ಬೇಕು. 1995ರಲ್ಲಿ ಅಮೆರಿಕದ ಸರ್ಜನ್ ಸ್ಟ್ರಾಸ್‌ಬರ್ಗ್ ಹೇಳಿಕೊಟ್ಟ ಕ್ರಮವನ್ನು ನಾನು ಬಿಡುವುದಿಲ್ಲ. ಪಿತ್ತಕೋಶ, ಲಿವರ್, ನಾಳಗಳ ನಡುವಿನ ತ್ರಿಕೋನದಲ್ಲಿ ಕೊಬ್ಬು, ನಾರು ಏನೂ ಉಳಿಯಬಾರದು. ಪಿತ್ತಕೋಶದ ಕೆಳಗಿನ ಮೂರನೆಯ ಒಂದು ಭಾಗ ಲಿವರ್‌ನಿಂದ ಬಿಟ್ಟಿರಬೇಕು. ಎರಡೇ ಎರಡು ನಾಳಗಳು, ಸಿಸ್ಟಿಕ್ ನಾಳ ಮತ್ತು ಸಿಸ್ಟಿಕ್ ಅಪಧಮನಿ, ಪಿತ್ತಕೋಶಕ್ಕೆ ಹೋಗುವುದು ಮುಂದಿನಿಂದಲೂ ಹಿಂದಿನಿಂದಲೂ ಕಾಣಬೇಕು. ಅಲ್ಲಿಯವರೆಗೆ ಕ್ಲಿಪ್ ಇಲ್ಲ. ಎರಡೂವರೆ ಗಂಟೆಯ ಬಹುಪಾಲು ಹೋಗುವುದು ಈ ನೋಟಕ್ಕಾಗಿ. ಹಳೆಯ ಸೋಂಕಿನಿಂದ ಎಲ್ಲ ಅಂಟಿಕೊಂಡು ಆ ನೋಟ ಸಿಗದೇ ಹೋದರೆ ಹಟ ಮಾಡುವುದಿಲ್ಲ. ಕಲ್ಲು ತೆಗೆದು, ಪಿತ್ತಕೋಶದ ಬುಡದ ಭಾಗವನ್ನು ಅಲ್ಲೇ ಬಿಟ್ಟು ಬರುತ್ತೇವೆ, ಇಲ್ಲವೇ ಹೊಟ್ಟೆ ತೆರೆಯುತ್ತೇವೆ. ಅದನ್ನು ಸೋಲು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

"ಸ್ಕ್ಯಾನಿಂಗ್‌ನಲ್ಲಿ ಇದೆಲ್ಲ ಗೊತ್ತಾಗಿರಲಿಲ್ಲವೇ?" ಎಂದೂ ಕೇಳುತ್ತಾರೆ. ಅಲ್ಟ್ರಾಸೌಂಡ್ ಕಲ್ಲನ್ನು, ಗೋಡೆಯ ದಪ್ಪವನ್ನು, ಮುಖ್ಯ ನಾಳ ಹಿಗ್ಗಿದೆಯೇ ಎಂಬುದನ್ನು ತೋರಿಸುತ್ತದೆ. ಎರಡು ಮೂರು ಮಿಲಿಮೀಟರಿನ ನಾಳ ಎಲ್ಲಿ ತಿರುಗುತ್ತದೆ ಎಂಬುದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಎಂಆರ್‌ಸಿಪಿ ಎಂಬ, ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್ ನಾಳಗಳನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಎಲ್ಲರಿಗೂ ಅದು ಬೇಕಾಗುವುದಿಲ್ಲ. ಮೊದಲೇ ತಿಳಿದುಬಿಡುವ ವಿಚಿತ್ರವೂ ಇದೆ: ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ ಒಳಗಿನ ಅಂಗಗಳೆಲ್ಲ ಕನ್ನಡಿಯ ಬಿಂಬದಂತೆ ತಿರುಗಿ, ಪಿತ್ತಕೋಶ ಎಡಕ್ಕಿರುತ್ತದೆ. ಆಗ ನಾವೂ ನಿಲ್ಲುವ ಮಗ್ಗುಲು ಬದಲಿಸುತ್ತೇವೆ.

ಕಂಬಳಿಹುಳುವಿನಂಥ ಆ ಅಪಧಮನಿ ಕಂಡ ದಿನ, ಹೊರಗೆ ಕಾದಿದ್ದ ರೋಗಿಯ ಪತಿಗೆ ಕಾಗದದ ಮೇಲೆ ಚಿತ್ರ ಬರೆದು ಕಂಬಳಿಹುಳುವನ್ನು ತೋರಿಸಿದೆ. ಡಿಸ್ಚಾರ್ಜ್ ಪತ್ರದಲ್ಲೂ ಆ ಅಪಧಮನಿಯ ದಾರಿಯನ್ನು ಬರೆಸಿದೆ. ಮುಂದೆ ಎಂದಾದರೂ ಲಿವರ್ ಅಥವಾ ಪಿತ್ತನಾಳದ ಚಿಕಿತ್ಸೆ ಬೇಕಾದರೆ ಆ ವೈದ್ಯರಿಗೆ ಮೊದಲು ಈ ಹಾಳೆ ಕೊಡಿ ಎಂದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿಕೊಂಡರು.