ಲೋಡ್ ಹತ್ತಿಸಿ ಇಳಿಸೋದ್ರಲ್ಲಿ ಪಿಎಚ್‌ಡಿ ಮಾಡೋಕೆ ಏನಿದೆ?

ನಾನು ಓದುವುದು, ಪಾಠ ಮಾಡುವುದು ಸಪ್ಲೈ ಚೈನ್ ವಿಷಯ, ಅಂದರೆ ಮಾಲು ತಯಾರಾದ ಜಾಗದಿಂದ ಕೊಳ್ಳುವವರ ಕೈ ಸೇರುವವರೆಗಿನ ಸರಪಳಿ. ಮದುವೆ ಮನೆಯಲ್ಲಿ ಸಿಕ್ಕವರು, ಲಾರಿ ಇಟ್ಟುಕೊಂಡಿರುವ ನೆಂಟರು, ಎಲ್ಲರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ.

ತುಂಬಾ ಇದೆ. ಲಾರಿಯವರಿಗೆ ಲಾರಿಯ ಕಷ್ಟ ಗೊತ್ತು, ಅಂಗಡಿಯವರಿಗೆ ಅಂಗಡಿಯದು. ಆದರೆ ಎಲ್ಲರೂ ತಮ್ಮ ಮಟ್ಟಿಗೆ ಸರಿಯಾಗಿ ನಡೆದುಕೊಂಡರೂ ಒಟ್ಟು ಲೆಕ್ಕ ಕೆಡುವುದುಂಟು. ಅದು ಯಾರ ಗಲ್ಲಾದ ಹಿಂದೆ ಕೂತರೂ ಕಾಣುವುದಿಲ್ಲ.

ಡೈಪರನ್ನೇ ತಗೊಳ್ಳಿ. ಮಗು ಈ ವಾರ ಬಳಸಿದಷ್ಟೇ ಮುಂದಿನ ವಾರವೂ ಬಳಸುತ್ತೆ ಅಲ್ವಾ? ಪಿ ಅಂಡ್ ಜಿ ಕಂಪನಿ ಪ್ಯಾಂಪರ್ಸ್ ಲೆಕ್ಕ ತೆಗೆದಾಗ ಅಂಗಡಿಗಳ ಮಾರಾಟ ಹೆಚ್ಚುಕಮ್ಮಿ ಒಂದೇ ಸಮ ಇತ್ತು. ಡಿಸ್ಟ್ರಿಬ್ಯೂಟರುಗಳ ಆರ್ಡರ್ ಮಾತ್ರ ವಿಪರೀತ ಏರಿಳಿಯುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹಾವ್ ಲೀ ಮತ್ತು ಸಂಗಡಿಗರು 1997ರಲ್ಲಿ ಇದರ ಕಾರಣ ಬಿಡಿಸಿಟ್ಟರು. ಆಫರ್ ಇದ್ದಾಗ ತುಂಬಿಸಿಕೊಳ್ಳುವುದು, ಮಾಲು ಸಿಗದಿದ್ದೀತು ಎಂದು ಜಾಸ್ತಿ ಬರೆಸುವುದು, ಫುಲ್ ಲೋಡ್ ಆಗಲಿ ಎಂದು ಆರ್ಡರ್ ಕೂಡಿಹಾಕುವುದು. ಒಂದೊಂದೂ ಜಾಣತನವೇ. ಸೇರಿದರೆ ಗೋಡೌನ್ ಒಮ್ಮೆ ತುಂಬಿ ತುಳುಕುತ್ತೆ, ಒಮ್ಮೆ ಖಾಲಿ ಬೀಳುತ್ತೆ.

ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ನಮ್ಮ ಎಪಿಎಂಸಿಗಳದ್ದು. ಯಾರ್ಡಿಗೆ ಹೋಗಿ ನೋಡಿ. ಗೇಟಿನಲ್ಲಿ ಲಾಟ್ ನಂಬರ್ ಕೊಡುತ್ತಾರೆ. ದಲ್ಲಾಳಿ ಅಂಗಡಿ ಮುಂದೆ ಹಮಾಲರು ರಾಶಿ ಸುರಿಯುತ್ತಾರೆ. ಖರೀದಿದಾರರು ಕಾಳನ್ನು ಅಂಗೈಗೆ ಹಾಕಿಕೊಂಡು, ಊದಿ, ಹಲ್ಲಲ್ಲಿ ಕಚ್ಚಿ ನೋಡಿ ಮುಂದಿನ ರಾಶಿಗೆ ಹೋಗುತ್ತಾರೆ. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಒಂದಕ್ಕೊಂದು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಟೆಂಡರ್ ಆನ್‌ಲೈನ್ ಆಯಿತು. ಒಂದೇ ಲೈಸೆನ್ಸಿನಲ್ಲಿ ಬೇರೆ ಊರಿನ ಮಾರುಕಟ್ಟೆಗೂ ರೇಟು ಹಾಕಬಹುದಾಯಿತು.

ಇದರಿಂದ ರೈತರಿಗೆ ನಿಜವಾಗಿ ಲಾಭ ಆಯಿತಾ? ಭಾಷಣ ಕೇಳಿ ಹೇಳುವ ವಿಷಯ ಅಲ್ಲ ಇದು. ಮಳೆ, ಬೆಂಬಲ ಬೆಲೆ, ಆ ವರ್ಷದ ಬೆಳೆ, ಎಲ್ಲವೂ ರೇಟನ್ನು ಎಳೆದಾಡುತ್ತವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರೆಟ್ಸೆಫ್ ಲೆವಿ, ಕರೆನ್ ಝೆಂಗ್ ಮತ್ತು ಅವರ ಜೊತೆಯವರು ಅದನ್ನೆಲ್ಲ ಬೇರ್ಪಡಿಸಿ ಲೆಕ್ಕ ಹಾಕಿದರು. ಭತ್ತಕ್ಕೆ ಶೇ. 5.1, ಶೇಂಗಾಕ್ಕೆ 3.6, ಮೆಕ್ಕೆಜೋಳಕ್ಕೆ 3.5ರಷ್ಟು ಹೆಚ್ಚು ಬೆಲೆ ಸಿಕ್ಕಿತ್ತು. ಎಲ್ಲ ಬೆಳೆಗೂ ಹೀಗಾಗಲಿಲ್ಲ. ವ್ಯವಸ್ಥೆ ಒಂದೇ ಆದರೂ ಕೆಲವು ಬೆಳೆಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಅವರು ಅಲ್ಲಿಗೇ ಬಿಡಲಿಲ್ಲ. ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಟೆಂಡರಿನ ನಿಯಮವನ್ನೇ ಬದಲಿಸಿ ನೋಡಿದರು. ಎಲ್ಲರೂ ಒಂದು ಸಲ ರೇಟು ಹಾಕಿದ ಮೇಲೆ, ಮುಂದಿರುವ ಕೆಲವರಿಗೆ ಮಾತ್ರ ಏರಿಸಲು ಇನ್ನೊಂದು ಅವಕಾಶ. ರಾಶಿ ಅದೇ, ಖರೀದಿದಾರರು ಅವರೇ, ಆದರೂ ಬೆಲೆ ಏರಿತು. ಆ ಹಣ ನೇರ ರೈತನ ಕೈಗೆ ಸೇರುವಂಥದ್ದು. ಒಂದು ನಿಯಮಕ್ಕೆ ಇಷ್ಟು ಶಕ್ತಿ ಇದೆ ಅನ್ನುವುದೇ ನನ್ನನ್ನು ಈ ವಿಷಯದಲ್ಲಿ ಹಿಡಿದಿಟ್ಟಿರುವುದು.

ಇನ್ನೂ ಬಗೆಹರಿಯದ್ದು ಬೇಕಾದಷ್ಟಿದೆ. ದೂರದ ಖರೀದಿದಾರ ಕಾಳು ಮುಟ್ಟಿ ನೋಡದೆ ಧೈರ್ಯವಾಗಿ ರೇಟು ಹಾಕುವುದು ಕಷ್ಟ. ತೇವಾಂಶ, ಕಲ್ಲು, ಕಸ, ಕಾಳಿನ ಗಾತ್ರ ಎಲ್ಲವನ್ನೂ ಯಾರ್ಡಿನಲ್ಲೇ ಅಳೆದು ಅವನು ನಂಬುವ ಹಾಗೆ ಕೊಡಬೇಕು. ರೈತ ಅದಕ್ಕಾಗಿ ದಿನವಿಡೀ ಕಾಯುವ ಹಾಗೂ ಆಗಬಾರದು. ಯಾರಿಗಾದರೂ ಪಿಎಚ್‌ಡಿಗೆ ವಿಷಯ ಬೇಕಿದ್ದರೆ ಇದನ್ನೇ ತಗೊಳ್ಳಿ.