ಹೆಳವರ ಹೊತ್ತಿಗೆಯಲ್ಲಿ ನಮ್ಮ ಮನೆತನ

ಸುಗ್ಗಿ ಮುಗಿದ ಮೇಲೆ ದಾವಣಗೆರೆಯ ನಮ್ಮ ಮನೆಗೆ ಬಂದ ಹೆಳವರು (ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ಸಮುದಾಯದವರು) ಹೊತ್ತಿಗೆ ಬಿಚ್ಚಿ ವಂಶಾವಳಿ ಓದಿದಾಗ, ರಾಯದುರ್ಗ ಸೀಮೆಯ ಒಕ್ಕಲಾಗಿದ್ದ ನಮ್ಮ ಹಿರಿಯರು 1876–78ರ ಧಾತು-ಈಶ್ವರ ಬರಕ್ಕೆ ಊರು ಬಿಟ್ಟು ಮೊದಲು ಮೊಳಕಾಲ್ಮೂರಿಗೆ, ಮುಂದಿನ ತಲೆಮಾರಿನಲ್ಲಿ ಚಿತ್ರದುರ್ಗಕ್ಕೆ, ಕೊನೆಗೆ ಹತ್ತಿ ವ್ಯಾಪಾರ ಬೆಳೆಯುತ್ತಿದ್ದ ದಾವಣಗೆರೆಗೆ, ಹೀಗೆ ಪಶ್ಚಿಮಕ್ಕೆ ಸರಿಯುತ್ತ ಬಂದದ್ದು ತಿಳಿಯಿತು. ರಾಯದುರ್ಗವು 1953ರಲ್ಲಿ ಆಂಧ್ರಕ್ಕೆ ಸೇರಿತು. 1997ರಲ್ಲಿ ದಾವಣಗೆರೆಯು ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾಯಿತು. ಸರ್ಕಾರಿ ಕಡತಗಳಲ್ಲಿ ಹೀಗೆ ಹಂಚಿಹೋದ ಹಾದಿಯು ಹೆಳವರ ಹೊತ್ತಿಗೆಯಲ್ಲಿ ಮಾತ್ರ ಅಖಂಡವಾಗಿ ಉಳಿದಿದೆ. ಆದರೆ ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳು ತೀರ ವಿರಳವಾಗಿರುವುದು ನನ್ನನ್ನು ನೋಯಿಸಿತು. ಆ ಬರದಲ್ಲಿ ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದವರು ಅವರೇ ಅಲ್ಲವೇ? ನೆನಪಿರುವಷ್ಟನ್ನು ಸೋದರತ್ತೆಯವರಿಂದ ಕೇಳಿ ಬರೆದುಕೊಳ್ಳುತ್ತಿದ್ದೇನೆ.