ಯಾರ ಎಡ?

ನಮ್ಮ ಶೆಡ್ಡಿನ ಜಾಬ್ ಕಾರ್ಡಿನಲ್ಲಿ ಈಗ ಹೊಸದಾಗಿ ಒಂದು ಸಾಲು ಉಂಟು. ಅದು ಸೇರಿದ್ದು ನನ್ನ ದೆಸೆಯಿಂದ. ಕಾರ್ಡ್ ಕೈಗೆ ಬಂದಾಗಲೆಲ್ಲ ಹೆಲ್ಪರ್ ಹುಡುಗ ಆ ಸಾಲನ್ನು ಜೋರಾಗಿ ಓದಿ ನನ್ನ ಮುಖ ನೋಡುತ್ತಾನೆ. ಓದಲಿ. ಆ ರಾತ್ರಿ ಅವನು ಬೋಟಿನಲ್ಲಿ ಇರಲಿಲ್ಲ.

ನಾನು ಮೊದಲಿಗೆ ಆಟೋ ಎಲೆಕ್ಟ್ರಿಷಿಯನ್. ಕುಂಬಳೆಯಲ್ಲಿ ಹನ್ನೊಂದು ವರ್ಷ ಜೀಪು, ರಿಕ್ಷಾ, ಪಿಕಪ್ಪುಗಳ ಅಡಿಯಲ್ಲಿ ಮಲಗಿದವನು. ಕೆಲಸ ಕಡಿಮೆ ಇದ್ದಾಗ ಮನೆ ವಯರಿಂಗೂ ಮಾಡುತ್ತಿದ್ದೆ. ಮೂರು ವರ್ಷದಿಂದ ಕಾಸರಗೋಡಿನ ಚಂದ್ರಗಿರಿ ಹೊಳೆಬದಿಯ ಒಂದು ಬೋಟ್ ಶೆಡ್ಡಿನಲ್ಲಿದ್ದೇನೆ. ಹನ್ನೆರಡು ವೋಲ್ಟ್ ಎಲ್ಲಿ ಹೋದರೂ ಹನ್ನೆರಡು ವೋಲ್ಟೇ ಅಲ್ವಾ, ಅಂತ ಸೇರಿಕೊಂಡದ್ದು.

ಕಳೆದ ಅಕ್ಟೋಬರಿನಲ್ಲಿ ದುಬೈಯಿಂದ ಊರಿಗೆ ಬಂದ ಒಬ್ಬರು 20 ಅಡಿಯ ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ತಂದರು. ಹಿಂದೆ 40 ಎಚ್‌ಪಿ ಔಟ್‌ಬೋರ್ಡ್. ಮನೆಯವರನ್ನು ಕೂರಿಸಿಕೊಂಡು ಸಂಜೆ ಹೊಳೆಯಲ್ಲಿ ಸುತ್ತಬೇಕು, ಅಷ್ಟೇ ಆಸೆ. ನಾವೆಲ್ಲ ಅವರನ್ನು ಕರೆಯುವುದು ಇಚ್ಚ ಅಂತ. ಬೋಟಿನಲ್ಲಿ ಲೈಟ್ ಅಂತ ಏನೂ ಇರಲಿಲ್ಲ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಕತ್ತಲಾದ ಮೇಲೆ ಬೋಟ್ ಮಗುಚಿ 22 ಜನ ತೀರಿಕೊಂಡರಲ್ಲ, ಅದರ ನಂತರ ಇಚ್ಚನ ಮನೆಯವರಿಗೆ ಸಂಜೆಯ ಬೋಟ್ ಅಂದರೆ ಭಯ. ಲೈಟ್ ಸರಿ ಮಾಡಿಸದೆ ಹತ್ತುವುದಿಲ್ಲ ಅಂತ ಹೆಂಡತಿ ಹೇಳಿದ್ದರಂತೆ.

ಇಚ್ಚ ಮೊದಲು ಕೇಳಿದ್ದು, "ಇಷ್ಟು ಚಿಕ್ಕ ಬೋಟಿಗೆ ಒಂದು ಬಿಳಿ ಲೈಟ್ ಸಾಕಲ್ವಾ?" ಹಾಗೊಂದು ರಿಯಾಯಿತಿ ಇದೆ, ನಿಜ. ಆದರೆ ಅದು 7 ಮೀಟರಿಗಿಂತ ಚಿಕ್ಕದಾಗಿ, 7 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 13 ಕಿ.ಮೀ.ಗಿಂತ, ಜಾಸ್ತಿ ಓಡಲಾರದ ಬೋಟಿಗೆ. 40 ಎಚ್‌ಪಿ ಹಾಕಿಕೊಂಡವರಿಗೆ ಅಲ್ಲ. ಇಷ್ಟನ್ನು ನಾನು ಓದಿಕೊಂಡಿದ್ದೆ. ಮುಂದೆ ಕೆಂಪು–ಹಸಿರು, ಅದಕ್ಕಿಂತ ಕನಿಷ್ಠ 1 ಮೀಟರ್ ಮೇಲೆ ಸುತ್ತಲಿಗೂ ಕಾಣುವ ಒಂದು ಬಿಳಿ. ಬಿಳಿಯದು 2 ನಾಟಿಕಲ್ ಮೈಲಿಗೆ ಕಾಣಬೇಕು, ಬಣ್ಣದ್ದು 1 ಮೈಲಿಗೆ. ಎಲ್ಲ ಬಾಯಿಪಾಠ. ಬಾಯಿಪಾಠ ಆದದ್ದೇ ತೊಂದರೆ ಅಂತ ಈಗ ಅನಿಸುತ್ತದೆ.

ಇಚ್ಚನಿಗೆ ಇನ್ನೊಂದು ಬೇಕಿತ್ತು, ಜೀಪಿಗೆ ಹಾಕುವಂಥ 120 ವಾಟಿನ ಲೈಟ್ ಬಾರ್. "ಮುಂದೆ ಏನುಂಟು ಅಂತ ಕಾಣುವುದು ಬೇಡವಾ ಮಾರಾಯ?" ಅಂದರು. ನನಗೂ ಹೌದಲ್ಲ ಅನಿಸಿತು. ಜೀಪಿಗೆ ಎಷ್ಟು ಹಾಕಿಲ್ಲ ನಾನು!

ಮ್ಯಾನೇಜರು ಕಾರ್ಡಿನಲ್ಲಿ ಬರೆದದ್ದು ಎರಡೇ ಮಾತು: ಲೈಟ್ ಫಿಟಿಂಗ್, 1 ದಿನ. ಟಿನ್ ಮಾಡಿದ, ಅಂದರೆ ತಾಮ್ರದ ಎಳೆಗೆ ತವರ ಲೇಪಿಸಿದ, ಮರೈನ್ ವಯರ್ ಕೇಳಿದೆ. ಸ್ಟಾಕ್ ಇಲ್ಲ, ಇರುವುದರಲ್ಲಿ ಮುಗಿಸು ಅಂದರು. ಇದ್ದದ್ದು ಮನೆಗೆ ಹಾಕುವ 1.5 ಸ್ಕ್ವೇರ್ ವಯರ್. ಹಿಂದಿನ ಬ್ಯಾಟರಿಯಿಂದ ಮುಂದಿನ ಫ್ಯೂಸ್ ಬಾಕ್ಸಿಗೆ 6 ಮೀಟರ್. ಅದೇ ಒಂದು ಜೋಡಿ ವಯರಿನಿಂದ ಎಲ್ಲ ಲೈಟಿಗೂ ಕೊಟ್ಟೆ. ಅವಸರ. ಮಧ್ಯಾಹ್ನ ಇನ್ನೊಂದು ಬೋಟ್ ಕಾಯುತ್ತಿತ್ತು.

ಕೆಂಪು–ಹಸಿರು ಎರಡೂ ಒಂದೇ ಡಬ್ಬಿಯಲ್ಲಿದ್ದವು. ನಡುವೆ ಒಂದು ಪಟ್ಟಿ, ಆಚೆ ಈಚೆ ಬಣ್ಣದ ಗಾಜು, ಒಳಗೆ 10 ವಾಟಿನ ಬಲ್ಬ್. ಇದು ಬೋಟಿನ ಮೂತಿಗೆ ಎದುರುಗಡೆ ಸ್ಕ್ರೂ ಮಾಡುವಂಥದ್ದು. ಡಬ್ಬಿಯನ್ನು ಹಿಡಿದು ನೋಡಿದರೆ ವಯರ್ ಬರುವ ತೂತು ಮೇಲ್ಗಡೆ ಇದೆ! ಯಾವ ಬುದ್ಧಿವಂತ ಮಾಡಿದ್ದು ಇದನ್ನು ಅಂತ ಬೈದುಕೊಂಡೆ. ವಯರ್ ಮೇಲಿಂದ ಒಳಗೆ ಇಳಿದರೆ ಅದರ ಜೊತೆಗೆ ನೀರೂ ಇಳಿಯುತ್ತದೆ. ಗೇಟಿನ ಕಂಬಕ್ಕೆ ಲೈಟ್ ಹಾಕಿದ ಯಾರಿಗೂ ಇದು ಗೊತ್ತು. ನಮ್ಮ ಕಡೆಯ ಮಳೆಗೆ ಆ ತಪ್ಪು ಒಂದು ಸಲ ಮಾಡಿದರೆ ಸಾಕು, ಆಷಾಢದಲ್ಲಿ ಫೋನ್ ಬರುತ್ತದೆ. ಡಬ್ಬಿಯನ್ನು ತಲೆಕೆಳಗು ಮಾಡಿದೆ. ತೂತು ಕೆಳಗೆ ಬಂತು. ಸಿಲಿಕೋನ್ ಹಚ್ಚಿ, ಎರಡು ಸ್ಟೀಲ್ ಸ್ಕ್ರೂ ಬಿಗಿದೆ. ಒಳ್ಳೆ ಕೆಲಸ ಮಾಡಿದೆ ಅಂತ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಬೋಟ್ ಟ್ರೈಲರಿನ ಮೇಲೆ, ಮೂತಿ ಶೆಡ್ಡಿನ ಒಳಗೆ. ನಾನು ಅದರ ಎದುರು ನಿಂತು ಸ್ವಿಚ್ ಹಾಕಿಸಿದೆ. ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಬಾಯಿಪಾಠದಲ್ಲಿ ಇದ್ದ ಹಾಗೇ. ಟಿಕ್ ಹಾಕಿ ಸಹಿ ಮಾಡಿದೆ.

ಟ್ರಯಲ್ಲಿಗೆ ಹೊರಟದ್ದು ಸಂಜೆ ಏಳರ ಸುಮಾರಿಗೆ. ಅಮಾವಾಸ್ಯೆಯ ಆಚೆ ಈಚೆ, ಗವ್ವೆನ್ನುವ ಕತ್ತಲು. ಬೋಟ್ ಓಡಿಸಲು ಒಬ್ಬ ಹಳೇ ಸ್ರಾಂಕ್ ಬಂದಿದ್ದರು. ನಲ್ವತ್ತು ವರ್ಷ ಕಡಲಿಗೆ ಹೋದವರು, ನಾವು ಸ್ರಾಂಕಣ್ಣ ಅನ್ನುವುದು. ಇಚ್ಚ, ಅವರ ಅಳಿಯ, ಕೈಯಲ್ಲಿ ಮಲ್ಟಿಮೀಟರ್ ಹಿಡಿದ ನಾನು. ಎಲ್ಲರಿಗೂ ಲೈಫ್ ಜಾಕೆಟ್.

ತಳಂಗರೆ ಬದಿಯಿಂದ ಅಳಿವೆಯ ಕಡೆಗೆ ಮೆಲ್ಲಗೆ ಹೋದೆವು. ಸ್ರಾಂಕಣ್ಣ ದೂರದ ಲೈಟುಗಳನ್ನು ಬಸ್ಸಿನ ಬೋರ್ಡ್ ಓದುವಂತೆ ಓದುತ್ತಿದ್ದರು. "ಅಗೋ, ಹಸಿರಿನ ಕೆಳಗೆ ಬಿಳಿ, ಅದು ಟ್ರಾಲರು. ಕೆಂಪಿನ ಕೆಳಗೆ ಬಿಳಿ ಕಂಡರೆ ಬೇರೆ ಬಲೆಯವರು, ಹತ್ತಿರ ಹೋಗಬೇಡ." ಆಮೇಲೆ ದಕ್ಷಿಣದ ದಡಕ್ಕೆ, ಚಂದ್ರಗಿರಿ ಕೋಟೆಯ ಬದಿಗೆ ಅಡ್ಡ ಹೊರಟೆವು. ಆಗ ಅಳಿವೆಯ ಬಾಯಿಂದ ಒಂದು ಮೀನಿನ ಬೋಟ್ ಒಳಗೆ ಬಂತು. ನಮ್ಮ ಬಲಗಡೆ. ಅದರ ಹಸಿರು ಲೈಟ್ ಚೆನ್ನಾಗಿ ಕಾಣುತ್ತಿತ್ತು. ನಾವು ಅದರ ದಾರಿಯನ್ನು ದಾಟಿ ಆಗಿತ್ತು. ಅದು ನಮ್ಮ ಹಿಂದಿನಿಂದ ಹೋಗುತ್ತದೆ, ಚಿಂತೆ ಇಲ್ಲ.

ಹಸಿರಿನ ಪಕ್ಕದಲ್ಲಿ ಕೆಂಪೂ ಕಂಡಿತು.

ನನಗೆ ಅದರ ಅರ್ಥ ಹೊಳೆಯಲಿಲ್ಲ. ಚೆಂದ ಕಾಣುತ್ತದೆ ಅಂತ ನೋಡುತ್ತಿದ್ದೆ, ದೇವರಾಣೆ. ಸ್ರಾಂಕಣ್ಣ ಮಾತು ನಿಲ್ಲಿಸಿದರು. ಎರಡೂ ಬಣ್ಣ ಒಟ್ಟಿಗೆ ಕಾಣುವುದೆಂದರೆ ಅದರ ಮೂತಿ ನೇರ ನಮ್ಮ ಕಡೆಗೆ ತಿರುಗಿದೆ ಅಂತ. "ಇವನು ಎಂತ ಮಾಡುವುದು?" ಅಂತ ಅವರು ಗೊಣಗಿ ಸ್ವಲ್ಪ ಎಡಕ್ಕೆ ಎಳೆದರು. ಎರಡು ಬಣ್ಣ ಹಾಗೇ ಇದ್ದವು. ಸ್ವಲ್ಪ ದೊಡ್ಡದಾಗಿದ್ದವು, ಅಷ್ಟೇ. ಇಂಜಿನ್ ಸದ್ದು ಎದೆಯಲ್ಲಿ ಕೇಳಲು ಶುರುವಾಯಿತು.

ಆಗ ನಾನು ನನ್ನ ಎರಡನೇ ಬುದ್ಧಿವಂತಿಕೆ ಮಾಡಿದೆ. ಅವನಿಗೆ ನಾವು ಕಾಣುತ್ತಿಲ್ಲ ಅಂತ ತಿಳಿದು ಲೈಟ್ ಬಾರ್ ಹಾಕಿದೆ.

ನಮ್ಮದೇ ಮುಂದಿನ ಬಿಳಿ ಫೈಬರ್ ಡೆಕ್ಕು, ಸ್ಟೀಲಿನ ರೇಲಿಂಗು, ಗಾಳಿಯಲ್ಲಿದ್ದ ತೇವ ಎಲ್ಲ ಹಾಲಿನಂತೆ ಬೆಳಗಿತು. ಅದರಾಚೆ ಹೊಳೆಯೂ ಇಲ್ಲ, ದಡವೂ ಇಲ್ಲ, ಆ ಬೋಟೂ ಇಲ್ಲ. ಕಪ್ಪು ಗೋಡೆ. "ಆಫ್ ಮಾಡೋ!" ಅಂತ ಸ್ರಾಂಕಣ್ಣ ಕೂಗಿದರು. ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆಫ್ ಮಾಡಿದೆ. ಇನ್ನೂ ಕಷ್ಟ. ಕಣ್ಣಲ್ಲಿ ಹಸಿರು ಹಸಿರು ಮಚ್ಚೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ನಮಗೆ ಇದ್ದದ್ದು ಇಪ್ಪತ್ತು ಸೆಕೆಂಡೋ ಏನೋ.

ಸ್ರಾಂಕಣ್ಣ ಕಣ್ಣಿಂದ ಅಲ್ಲ, ಕಿವಿಯಿಂದ ಓಡಿಸಿದರು ಅಂತ ನನ್ನ ನಂಬಿಕೆ. ಥ್ರಾಟಲ್ ಎಳೆದು ನ್ಯೂಟ್ರಲ್, ಕೂಡಲೇ ರಿವರ್ಸ್. ಹಿಂದಿನಿಂದ ನೀರು ಒಳಗೆ ಚಿಮ್ಮಿತು. ಇಚ್ಚನ ಅಳಿಯ ನನ್ನ ಜಾಕೆಟಿನ ಪಟ್ಟಿ ಹಿಡಿದುಕೊಂಡ. ಮೀನಿನ ಬೋಟು ನಮ್ಮ ಮೂತಿಯ ಎದುರಿಂದಲೇ ದಾಟಿತು. ಡೀಸೆಲ್ ವಾಸನೆ, ಮೀನಿನ ವಾಸನೆ, ಬದಿಯಲ್ಲಿ ಒಣಗಲು ಹಾಕಿದ್ದ ಒಂದು ನೀಲಿ ಲುಂಗಿ. ಲುಂಗಿಯ ಚೌಕುಳಿ ಕಾಣುವಷ್ಟು ಹತ್ತಿರ. ಮೇಲಿಂದ ಒಬ್ಬ ಕಿರುಚಿದ, "ಏಡೆಡಾ ಪೋನ್ನ್?" ಎಲ್ಲಿಗೋ ಹೋಗುವುದು ಅಂತ. ಅದರ ನಂತರ ಹೇಳಿದ್ದನ್ನು ಬರೆಯುವಂತಿಲ್ಲ. ಅಲೆಗೆ ನಾವು ಮೂರು ಸಲ ಓಲಾಡಿದೆವು.

ಯಾರೂ ಮಾತಾಡಲಿಲ್ಲ. ವಾಪಸ್ ಬಂದು ಕಟ್ಟೆಗೆ ಹಗ್ಗ ಹಾಕಿದ ಮೇಲೆ ಸ್ರಾಂಕಣ್ಣ ಇಳಿದು ಬೋಟಿನ ಎದುರು ಹೋಗಿ ನಿಂತರು. ತುಂಬಾ ಹೊತ್ತು ನಿಂತರು. ಒಂದು ಬೀಡಿ ಹಚ್ಚಿದರು.

"ಇಲ್ಲಿ ಬಾ. ಕೆಂಪು ಯಾವ ಬದಿಗೆ?"

"ಎಡಕ್ಕೆ," ಅಂದೆ.

"ನಿನ್ನ ಎಡಕ್ಕಾ, ಬೋಟಿನ ಎಡಕ್ಕಾ?"

ಕನ್ನಡ, ತುಳು, ಮಲಯಾಳ, ಸ್ವಲ್ಪ ಕೊಂಕಣಿ ಬರುತ್ತದೆ ನನಗೆ. ನಾಲ್ಕರಲ್ಲೂ ಎಡ ಅಂದರೆ ನಿಂತವನ ಎಡ. ಬೋಟಿಗೆ ಅದರದ್ದೇ ಎಡ ಇದೆ, ಹಿಂದೆ ಕೂತು ಮುಂದೆ ನೋಡುವವನ ಎಡ. ನೀನು ಎಲ್ಲಿ ನಿಂತರೂ ಅದು ಬದಲಾಗುವುದಿಲ್ಲ. ಡಬ್ಬಿ ತಲೆಕೆಳಗಾದಾಗ ಬಣ್ಣ ಅದಲುಬದಲಾಗಿತ್ತು. ನಾನು ಎದುರು ನಿಂತು ಪರೀಕ್ಷೆ ಮಾಡಿದ್ದರಿಂದ ತಪ್ಪು ನನ್ನ ಕಣ್ಣಿಗೆ ಸರಿಯಾಗಿಯೇ ಕಂಡಿತ್ತು. ಬಾಗಿಲು ಬಿಚ್ಚಿದವನೇ ಕಾವಲು ನಿಂತ ಹಾಗೆ.

ಆ ಮೀನಿನ ಬೋಟಿನವನದು ಏನೂ ತಪ್ಪಿಲ್ಲ. ಅವನಿಗೆ ಕಂಡದ್ದು ನಮ್ಮ ಬಲಬದಿ, ಹಸಿರು ಕಾಣಬೇಕಿತ್ತು. ಕಂಡದ್ದು ಕೆಂಪು. ಕೆಂಪು ಕಂಡರೆ ಆ ಬೋಟ್ ನೋಡುವವನ ಎಡಕ್ಕೆ ಹೋಗುತ್ತಿದೆ ಅಂತ ಲೆಕ್ಕ. ಅದಕ್ಕೆ ಅವನು ಮರ್ಯಾದೆಯಿಂದ ದಾರಿ ಬಿಟ್ಟು, ನಮ್ಮ ಹಿಂದಿನಿಂದ ಹೋಗೋಣ ಅಂತ ಬಲಕ್ಕೆ ತಿರುಗಿಸಿದ. ನಾವು ಹೋಗುತ್ತಿದ್ದದ್ದೂ ಅವನ ಬಲಕ್ಕೇ. ಅವನು ನಿಯಮ ಪಾಲಿಸಿದಷ್ಟೂ ನಮ್ಮ ಮೇಲೆ ಬರುತ್ತಿದ್ದ. ಲೈಟೇ ಇಲ್ಲದ ಬೋಟಾಗಿದ್ದರೆ ಅವನು ಏನೂ ತಿಳಿದುಕೊಳ್ಳುತ್ತಿರಲಿಲ್ಲ. ನಾನು ಸುಳ್ಳು ಹೇಳುವ ಲೈಟ್ ಹಾಕಿದ್ದೆ.

ಮರುದಿನ ಡಬ್ಬಿ ಬಿಚ್ಚಿದೆ. ಹಿಂಬದಿಯ ಪ್ಲಾಸ್ಟಿಕ್ಕಿನಲ್ಲಿ ಉಗುರಿನಷ್ಟು ಚಿಕ್ಕದಾಗಿ 'ಟಾಪ್' ಅಂತ ಉಬ್ಬಕ್ಷರ, ಒಂದು ಬಾಣದ ಗುರುತು. ಗೋಡೆಗೆ ಒತ್ತಿಕೊಳ್ಳುವ ಜಾಗದಲ್ಲಿ ಯಾಕೆ ಬರೆಯುತ್ತಾರೆ ಇವರು? ಸ್ಕ್ರೂ ಬಿಗಿದ ಮೇಲೆ ಗೋಡೆ ಓದಬೇಕಾ? ಸರಿ, ನಾನು ಮೊದಲೇ ನೋಡಬೇಕಿತ್ತು. ನೀರಿನ ಭಯಕ್ಕೆ ಡಬ್ಬಿ ತಿರುಗಿಸಬೇಕಾಗಿಯೂ ಇರಲಿಲ್ಲ. ವಯರನ್ನು ತೂತಿಗಿಂತ ಕೆಳಗೆ ಒಂದು ಸುತ್ತು ಜೋತುಬಿಟ್ಟು ಮೇಲೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಡಿಶ್ ಕೇಬಲಿಗೆ ನಾನೇ ಹಾಗೆ ಎಷ್ಟು ಸಲ ಮಾಡಿದ್ದೇನೆ.

ಮೀಟರ್ ಇಟ್ಟು ನೋಡಿದರೆ ಇನ್ನೊಂದು ಪಾಪ ಸಿಕ್ಕಿತು. ಬ್ಯಾಟರಿಯಲ್ಲಿ 12.6 ವೋಲ್ಟ್. ಬಾರ್ ಹಾಕಿದ ಕೂಡಲೇ ಮುಂದಿನ ಬಾಕ್ಸಿನಲ್ಲಿ 11.1. ಹೋಗಿ ಬರುವ 12 ಮೀಟರ್ ಸಣ್ಣ ವಯರಿನಲ್ಲಿ 10 ಆಂಪ್ ಓಡಿದರೆ ಇನ್ನೇನಾಗುತ್ತದೆ. ಅಂದರೆ ಆ ಹೊತ್ತಿನಲ್ಲಿ ನಾನು ಬಾರ್ ಹಾಕಿ ನಮ್ಮ ಕೆಂಪು–ಹಸಿರನ್ನು ಮಂಕು ಮಾಡಿದ್ದೆ ಕೂಡ. ಮ್ಯಾನೇಜರಿಗೆ ತೋರಿಸಿದೆ. ಅದುವರೆಗೆ ಸ್ಟಾಕ್ ಇಲ್ಲದಿದ್ದ ಟಿನ್ ವಯರ್ ಮಧ್ಯಾಹ್ನದ ಊಟದ ಮೊದಲು ಗೋಡೌನಿನಲ್ಲಿ ಸಿಕ್ಕಿತು.

ಎಲ್ಲ ಹೊಸದಾಗಿ ಎಳೆದೆ. ಬಿಳಿ ಲೈಟಿನ ಕಂಬ ಎತ್ತರಿಸಿದೆ, ಅದು ಸ್ರಾಂಕಣ್ಣನ ಕಣ್ಣಿಗೆ ಹೊಡೆಯುತ್ತಿತ್ತಂತೆ. ಹೇಳಿರಲಿಲ್ಲ, ಪಾಪ. ಲೈಟ್ ಬಾರ್ ತೆಗೆದು ಇಚ್ಚನ ಕೈಗೆ ಕೊಟ್ಟೆ. ಈಗ ಅದು ಅವರ ತೋಟದ ಪಂಪ್ ಶೆಡ್ಡಿನ ಮೇಲಿದೆ, ಕಾಡುಹಂದಿ ಓಡಿಸಲು.

ಈಗ ಯಾವ ಬೋಟ್ ಬಂದರೂ ನಾನು ಮೊದಲು ಒಳಗೆ ಹತ್ತಿ ಸ್ಟೀರಿಂಗಿನ ಹಿಂದೆ ಕೂರುತ್ತೇನೆ. ಎಡಗೈ ಚಾಚಿ ಅಲ್ಲೊಂದು ತುಂಡು ಕೆಂಪು ಟೇಪ್ ಅಂಟಿಸುತ್ತೇನೆ. ಆಮೇಲೆ ಟೂಲ್ ಬಾಕ್ಸ್ ತೆಗೆಯುವುದು.

ಮ್ಯಾನೇಜರೂ ಸುಮ್ನೆ ಕೂರಲಿಲ್ಲ. ಇನ್ನು ಮುಂದೆ ಇಂಥದ್ದು ಆಗಬಾರದು ಅಂತ ಎಲ್ಲ ಜಾಬ್ ಕಾರ್ಡನ್ನು ಹೊಸದಾಗಿ ಪ್ರಿಂಟ್ ಮಾಡಿಸಿದರು, ಐನೂರು ಪ್ರತಿ. ಹೆಲ್ಪರ್ ಹುಡುಗ ಓದುವುದು ಅದನ್ನೇ. ಕೆಳಗಡೆ, ದಪ್ಪ ಅಕ್ಷರದಲ್ಲಿ: "ಕೆಂಪು ಲೈಟ್ ಎಡಕ್ಕೆ ಇದೆಯೇ? ಎದುರು ನಿಂತು ಪರೀಕ್ಷಿಸಿ."